ಕೂಟ ಮತ್ತು ಸರಪಳಿ: ಸಾಬೂನಿನಂಥ ಅಣುಗಳನ್ನು ನೀರಿನಲ್ಲಿ ಬೆಸೆಯುವ ರಸಾಯನ

೧

ಅಣುಪ್ರಪಂಚದಲ್ಲಿ ದೊಡ್ಡತನವೆಂಬುದು ಎರಡು ಬಗೆಯಾಗಿ ಸಿದ್ಧಿಸುತ್ತದೆ. ಸಣ್ಣ ಸಣ್ಣ ಅಣುಗಳು ತಮ್ಮ ಪ್ರತ್ಯೇಕತೆಯನ್ನು ಉಳಿಸಿಕೊಂಡೇ ಒಂದೆಡೆ ನೆರೆದು ಗುಂಪಾಗಬಹುದು. ಇಲ್ಲವೆ ಬಲವಾದ ಬಂಧಗಳಿಂದ ಒಂದಕ್ಕೊಂದು ಬೆಸೆದುಕೊಂಡು, ಬಿಡಿಸಲು ಬಾರದ ಒಂದೇ ನೀಳವಾದ ಅಣುವಾಗಬಹುದು. ಮೊದಲನೆಯದನ್ನು ಕೂಟವೆಂದೂ ಎರಡನೆಯದನ್ನು ಸರಪಳಿಯೆಂದೂ ಕರೆದರೆ ತಪ್ಪಾಗದು. ಸಾಬೂನಿನ ನೀರಿನಲ್ಲಿರುವುದು ಕೂಟ. ರಬ್ಬರು, ಹತ್ತಿಯ ನೂಲು, ನೈಲಾನು ಇವುಗಳಲ್ಲಿರುವುದು ಸರಪಳಿ.

ಇಂದು ಇಷ್ಟು ಸರಳವಾಗಿ ತೋರುವ ಈ ಭೇದವು ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ದೊಡ್ಡ ವಿವಾದಕ್ಕೆ ವಸ್ತುವಾಗಿತ್ತು. ರಬ್ಬರಿನ ಅಣುವೂ ಸಾಬೂನಿನ ಅಣುವಿನಂತೆ ಸಣ್ಣದೇ, ಅಂಥ ಅನೇಕ ಅಣುಗಳು ದುರ್ಬಲವಾದ ಯಾವುದೋ ಆಕರ್ಷಣೆಯಿಂದ ಗುಂಪುಗೂಡಿರುವುದರಿಂದಲೇ ಅದು ದೊಡ್ಡದಾಗಿ ತೋರುತ್ತದೆ, ಎಂಬುದು ಅಂದಿನ ಬಹುಮಂದಿ ರಸಾಯನಜ್ಞರ ನಂಬಿಕೆ. ಜರ್ಮನಿಯ ಹರ್ಮನ್ ಷ್ಟೌಡಿಂಗರ್ ೧೯೨೦ರಲ್ಲಿ ಇದನ್ನು ಎದುರಿಸಿ, ರಬ್ಬರಿನಂಥ ವಸ್ತುಗಳು ನಿಜವಾಗಿಯೂ ದೀರ್ಘ ಸರಪಳಿಗಳೇ ಎಂದು ವಾದಿಸಿದನು. ಕೂಟವಾದಿಗಳ ಪ್ರಕಾರ ರಬ್ಬರಿನ ಅಣುಗಳನ್ನು ಹಿಡಿದಿಡುವುದು ಅವುಗಳಲ್ಲಿರುವ ದ್ವಿಬಂಧಗಳ ಮಿಕ್ಕುಳಿದ ಶಕ್ತಿ. ಷ್ಟೌಡಿಂಗರನು ೧೯೨೨ರಲ್ಲಿ ರಬ್ಬರಿಗೆ ಜಲಜನಕವನ್ನು ಕೂಡಿಸಿ ಆ ದ್ವಿಬಂಧಗಳನ್ನು ಇಲ್ಲವಾಗಿಸಿದನು. ಆಗಲೂ ರಬ್ಬರು ಚೂರುಚೂರಾಗಲಿಲ್ಲ. ಸಾಬೂನಿಗೂ ರಬ್ಬರಿಗೂ ಇರುವ ಅಂತರವನ್ನು ಇನ್ನೊಂದು ಪರೀಕ್ಷೆಯೂ ತೋರಿಸುತ್ತದೆ. ಸಾಬೂನನ್ನು ನೀರಿನ ಬದಲು ಮದ್ಯಸಾರದಲ್ಲಿ ಕರಗಿಸಿದರೆ ಅದರ ಗುಂಪುಗಳು ಚದುರಿ ಬಿಡಿ ಅಣುಗಳಾಗುತ್ತವೆ. ರಬ್ಬರನ್ನು ಯಾವ ದ್ರಾವಕದಲ್ಲಿ ಕರಗಿಸಿದರೂ ಅದು ದೊಡ್ಡದಾಗಿಯೇ ಉಳಿಯುತ್ತದೆ. ಷ್ಟೌಡಿಂಗರನ ಪಕ್ಷವೇ ಗೆದ್ದಿತು. ೧೯೫೩ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕ ಸಂದಿತು.

ಹೀಗೆ ಎದುರುಬದುರಾಗಿ ನಿಂತಿದ್ದ ಕೂಟ, ಸರಪಳಿಗಳೆರಡೂ ಒಂದೇ ಪಾತ್ರೆಯಲ್ಲಿ ಸಂಧಿಸುವ ಪ್ರಸಂಗವೊಂದುಂಟು. ಸಾಬೂನಿನ ಸ್ವಭಾವವುಳ್ಳ ಅಣುವಿನಲ್ಲಿಯೇ ಸರಪಳಿಗೆ ಬೇಕಾದ ಕೊಂಡಿಯನ್ನೂ ಇರಿಸಿ, ಅಂಥ ಅಣುಗಳನ್ನು ನೀರಿನಲ್ಲಿ ಮೊದಲು ಕೂಟಗೂಡಿಸಿ, ಅನಂತರ ಬೆಸೆಯುವುದೇ ಆ ಪ್ರಸಂಗ. ಇದರಿಂದ ಮೈತುಂಬ ವಿದ್ಯುದಂಶವನ್ನು ಹೊತ್ತ ಪಾಲಿಮರುಗಳು ದೊರೆಯುತ್ತವೆ. ಕೂಟವು ಸರಪಳಿಯಾದಾಗ ಕೂಟದ ಆಕಾರವು ಉಳಿಯುವುದೋ ಅಳಿಯುವುದೋ ಎಂಬ ಪ್ರಶ್ನೆಯೇ ಈ ಶಾಖೆಯ ಮುಖ್ಯ ಪ್ರಶ್ನೆ.

೨

ಮೊದಲು ಕೂಟದ ಸ್ವರೂಪವನ್ನು ನೋಡಬೇಕು. ಸಾಬೂನಿನ ಅಣುವಿಗೆ ಒಂದು ತಲೆ, ಒಂದು ಬಾಲ. ತಲೆಯು ವಿದ್ಯುದಂಶವನ್ನು ಹೊತ್ತಿರುವುದರಿಂದ ನೀರನ್ನು ಬಯಸುತ್ತದೆ. ಇಂಗಾಲ ಜಲಜನಕಗಳಿಂದಾದ ಬಾಲವು ಎಣ್ಣೆಯ ಜಾತಿಗೆ ಸೇರಿದುದು. ನೀರಿನ ಅಣುಗಳು ತಮ್ಮ ತಮ್ಮೊಳಗಿನ ಬಿಗಿಯಾದ ನಂಟನ್ನು ಬಿಟ್ಟು ಅದಕ್ಕೆ ಎಡೆಗೊಡಲಾರವು. ಆದುದರಿಂದ ಇಂಥ ಅಣುಗಳು ನೀರಿನ ಮೇಲ್ಮೈಗೆ ಬಂದು, ತಲೆಯನ್ನು ನೀರಿನಲ್ಲಿಯೂ ಬಾಲವನ್ನು ಗಾಳಿಯಲ್ಲಿಯೂ ಇರಿಸಿಕೊಂಡು ಸಾಲುಗಟ್ಟುತ್ತವೆ. ಮೇಲ್ಮೈಯ ಎಳೆತವನ್ನು ತಗ್ಗಿಸುತ್ತವೆ. ಇವಕ್ಕೆ ಮೇಲ್ಮೈಕ್ರಿಯಾಶೀಲ ವಸ್ತುಗಳೆಂದು ಹೆಸರು. ನಮ್ಮ ಮನೆಗಳಲ್ಲಿ ತಲೆಗೂ ಬಟ್ಟೆಗೂ ಬಳಸುತ್ತಿದ್ದ ಸೀಗೆ, ಅಂಟುವಾಳಗಳು ನೊರೆಗೊಡುವುದೂ ಇಂಥ ವಸ್ತುಗಳಿಂದಲೇ. ಆದರೆ ಅವುಗಳಲ್ಲಿ ನೀರನ್ನು ಬಯಸುವ ಭಾಗ ಸಕ್ಕರೆಯ ಜಾತಿಯದು.

ಮೇಲ್ಮೈಯಲ್ಲಿ ಸ್ಥಳ ತುಂಬಿದ ಮೇಲೂ ಸಾಬೂನನ್ನು ಸೇರಿಸುತ್ತ ಹೋದರೆ, ಒಂದು ನಿಶ್ಚಿತ ಸಾಂದ್ರತೆಯನ್ನು ಮೀರಿದ ಕೂಡಲೇ ನೀರಿನ ಒಳಗೇ ಅಣುಗಳು ಗೊಂಚಲುಗೊಂಚಲಾಗಿ ಕೂಡಿಕೊಳ್ಳುತ್ತವೆ. ಬಾಲಗಳೆಲ್ಲ ಒಳಮುಖ, ತಲೆಗಳೆಲ್ಲ ಹೊರಮುಖ. ಈ ಗೊಂಚಲಿಗೆ ಮಿಸೆಲ್ ಎಂದು ಹೆಸರು. ಗೊಂಚಲು ಹುಟ್ಟುವ ಸಾಂದ್ರತೆಯನ್ನು ಮಿಸೆಲ್ಲಿನ ಸಂಧಿಸಾಂದ್ರತೆ ಎನ್ನಬಹುದು. ಬಹುವಾಗಿ ಪರೀಕ್ಷಿತವಾದ ಸೋಡಿಯಂ ಡೋಡೆಸಿಲ್ ಸಲ್ಫೇಟಿನ ಮಟ್ಟಿಗೆ ೨೫ ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಇದು ಲೀಟರಿಗೆ ಸುಮಾರು ೨.೩ ಗ್ರಾಂ. ಒಂದು ಗೊಂಚಲಿನಲ್ಲಿ ಸುಮಾರು ೬೦ ಅಣುಗಳಿರುತ್ತವೆ. ಅದರ ತ್ರಿಜ್ಯ ಎರಡು ನ್ಯಾನೋಮೀಟರಿನಷ್ಟು, ಎಂದರೆ ಮೀಟರಿನ ನೂರು ಕೋಟಿ ಭಾಗಗಳಲ್ಲಿ ಎರಡು.

ಈ ಗೊಂಚಲುಗಳ ಇರವನ್ನು ಮೊದಲು ಊಹಿಸಿದವರಲ್ಲಿ ಪ್ರಮುಖನು ಜೇಮ್ಸ್ ವಿಲಿಯಂ ಮ್ಯಾಕ್‌ಬೇನ್. ಸಾಬೂನಿನ ದ್ರಾವಣದಲ್ಲಿ ಬಿಡಿ ಕಣಗಳ ಸಂಖ್ಯೆ ಬಹು ಕಡಿಮೆಯೆಂದು ಕೆಲವು ಅಳತೆಗಳು ತೋರಿಸುತ್ತಿದ್ದರೂ ಅದು ವಿದ್ಯುತ್ತನ್ನು ಚೆನ್ನಾಗಿಯೇ ಹರಿಸುತ್ತಿತ್ತು. ಅಯಾನುಗಳು ಗುಂಪುಗೂಡಿ, ಗುಂಪೇ ವಿದ್ಯುದಂಶವನ್ನು ಹೊತ್ತು ಚಲಿಸುತ್ತದೆಂದು ಅವನು ೧೯೧೩ರಲ್ಲಿ ಸೂಚಿಸಿದನು. ಒಂದೇ ಬಗೆಯ ವಿದ್ಯುದಂಶವುಳ್ಳ ಕಣಗಳು ಪರಸ್ಪರ ದೂಡದೆ ಒಂದಾಗಿ ಸೇರುವುದು ಅಂದಿನವರಿಗೆ ನಂಬಲಾಗದ ಮಾತಾಗಿತ್ತು. ಇದೇ ಮ್ಯಾಕ್‌ಬೇನನು ಮುಂದೆ ಭಾರತಕ್ಕೆ ಬಂದು, ೧೯೫೦ರ ಜನವರಿ ೩ರಂದು ಉದ್ಘಾಟಿತವಾದ ಪುಣೆಯ ರಾಷ್ಟ್ರೀಯ ರಸಾಯನ ಪ್ರಯೋಗಶಾಲೆಗೆ ಮೊದಲ ನಿರ್ದೇಶಕನಾದನು. ಪುಣೆ ಮುಂಬಯಿಗಳಲ್ಲಿ ನೆಲೆಸಿದ ಕನ್ನಡಿಗರಿಗೆ ಪರಿಚಿತವಾದ ಆ ಸಂಸ್ಥೆಯ ಆರಂಭಕ್ಕೂ ಮಿಸೆಲ್ಲಿನ ಇತಿಹಾಸಕ್ಕೂ ಹೀಗೊಂದು ನಂಟುಂಟು.

೩

ಇನ್ನು ಸರಪಳಿಯ ಕಡೆ. ಸರಪಳಿಯ ಒಂದೊಂದು ಘಟಕವೂ ಒಂದೊಂದು ವಿದ್ಯುದಂಶವನ್ನು ಹೊತ್ತಿದ್ದರೆ ಅದು ವಿದ್ಯುದಂಶಯುಕ್ತ ಪಾಲಿಮರ್. ಜೀವಕೋಶದ ನ್ಯೂಕ್ಲಿಯಿಕ್ ಆಮ್ಲಗಳು ಈ ಜಾತಿಯವೇ. ಕುಡಿಯುವ ನೀರಿನ ಕೆಸರನ್ನು ತಳಕ್ಕಿಳಿಸಲು, ಕಾಗದದ ಕೈಗಾರಿಕೆಯಲ್ಲಿ ನಾರುಗಳನ್ನು ಹಿಡಿದಿಡಲು, ಗಡುಸು ನೀರನ್ನು ಮೆದುಗೊಳಿಸುವ ರಾಳಗಳಲ್ಲಿ ಕೃತಕವಾದ ಇಂಥ ಪಾಲಿಮರುಗಳು ಬಳಕೆಯಲ್ಲಿವೆ.

ಇವುಗಳ ವರ್ತನೆ ವಿಲಕ್ಷಣವಾದುದು. ಸಾಮಾನ್ಯ ಪಾಲಿಮರಿನ ದ್ರಾವಣವನ್ನು ತೆಳುವಾಗಿಸಿದಂತೆಲ್ಲ, ಘಟಕವೊಂದಕ್ಕೆ ಲೆಕ್ಕ ಹಾಕಿದ ಸ್ನಿಗ್ಧತೆ ತಗ್ಗುತ್ತದೆ. ವಿದ್ಯುದಂಶಯುಕ್ತ ಪಾಲಿಮರಿನಲ್ಲಿ ಅದು ಏರುತ್ತದೆ! ತೆಳುವಾದ ದ್ರಾವಣದಲ್ಲಿ ಎದುರು ಅಯಾನುಗಳು ದೂರ ಸರಿಯುವುದರಿಂದ, ಸರಪಳಿಯ ಮೇಲಣ ವಿದ್ಯುದಂಶಗಳು ಒಂದನ್ನೊಂದು ಬಲವಾಗಿ ದೂಡಿ ಸರಪಳಿಯನ್ನು ಚಾಚುವಂತೆ ಮಾಡುತ್ತವೆ. ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದ ರೇಮಂಡ್ ಫ್ಯುವೋಸ್ ೧೯೪೮ರ ಸುಮಾರಿನಲ್ಲಿ ಈ ವರ್ತನೆಯನ್ನು ಕ್ರಮವಾಗಿ ಪರೀಕ್ಷಿಸಿದನು. ಸರಪಳಿಯ ಮೇಲೆ ವಿದ್ಯುದಂಶಗಳ ದಟ್ಟಣೆ ಒಂದು ಮಿತಿಯನ್ನು ಮೀರಿದರೆ ಎದುರು ಅಯಾನುಗಳಲ್ಲಿ ಒಂದು ಪಾಲು ಸರಪಳಿಯನ್ನು ಬಿಟ್ಟಗಲಲಾರವೆಂದು ೧೯೬೯ರಲ್ಲಿ ಜೆರಾಲ್ಡ್ ಮ್ಯಾನಿಂಗ್ ತೋರಿಸಿದನು.

ಇಂಥ ಸರಪಳಿಯನ್ನು ಕಟ್ಟಲು ಎರಡು ದಾರಿಗಳುಂಟು. ವಿದ್ಯುದಂಶವಿಲ್ಲದ ಸರಪಳಿಯನ್ನು ಮೊದಲು ಮಾಡಿ, ಅನಂತರ ಅದರ ಘಟಕಗಳಿಗೆ ವಿದ್ಯುದಂಶವನ್ನು ತೊಡಿಸುವುದು ಒಂದು. ಫ್ಯುವೋಸನು ವಿನೈಲ್ ಪಿರಿಡೀನಿನ ಪಾಲಿಮರಿಗೆ ಬ್ಯೂಟೈಲ್ ಬ್ರೋಮೈಡನ್ನು ಕೂಡಿಸಿ ಹೀಗೆಯೇ ಮಾಡಿದನು. ನ್ಯೂಜೆರ್ಸಿಯ ರಟ್ಗರ್ಸ್ ವಿಶ್ವವಿದ್ಯಾನಿಲಯದ ಉಲ್ರಿಕ್ ಸ್ಟ್ರೌಸ್ ೧೯೫೧ರಲ್ಲಿ ಬ್ಯೂಟೈಲಿನ ನಾಲ್ಕು ಇಂಗಾಲಗಳ ಗಿಡ್ಡ ಬಾಲದ ಸ್ಥಾನದಲ್ಲಿ ಹನ್ನೆರಡು ಇಂಗಾಲಗಳ ನೀಳ ಬಾಲವನ್ನು ತೊಡಿಸಿದನು. ಆಗ ದೊರೆತ ಸರಪಳಿಯು ಚಾಚಿಕೊಳ್ಳುವ ಬದಲು ಮುದುರಿಕೊಂಡಿತು. ಅದರ ಬಾಲಗಳು ಸರಪಳಿಯೊಳಗೇ ಗೊಂಚಲುಗಟ್ಟಿ, ನೀರಿನಲ್ಲಿ ಕರಗದ ಎಣ್ಣೆಯಂಥ ವಸ್ತುಗಳನ್ನು ತಮ್ಮೊಳಗೆ ಕರಗಿಸಿಕೊಂಡವು. ಈ ಹೊಸ ಜಾತಿಗೆ ಪಾಲಿಸೋಪ್ ಎಂದು ಹೆಸರಾಯಿತು. ಬಹುಸಾಬೂನು ಎಂದು ಕನ್ನಡಿಸಬಹುದು. ಆದರೆ ಈ ದಾರಿಯಲ್ಲಿ ಒಂದು ಕೊರತೆ. ಸರಪಳಿಯ ಮೇಲೆ ವಿದ್ಯುದಂಶಗಳೂ ನೀಳ ಬಾಲಗಳೂ ತುಂಬಿದಂತೆ ಹೊಸದಾಗಿ ಬರುವುವಕ್ಕೆ ಎಡೆ ಸಾಲದೆ, ಎಲ್ಲ ಘಟಕಗಳಿಗೂ ತೊಡಿಗೆ ಸಲ್ಲುವುದಿಲ್ಲ.

ಎರಡನೆಯ ದಾರಿಯೆಂದರೆ ವಿದ್ಯುದಂಶವನ್ನು ಈಗಾಗಲೇ ಹೊತ್ತಿರುವ ಮಾನೊಮರುಗಳನ್ನೇ ಬೆಸೆಯುವುದು. ಆಗ ಪ್ರತಿಯೊಂದು ಘಟಕವೂ ತಪ್ಪದೆ ವಿದ್ಯುದಂಶವನ್ನು ಹೊಂದಿರುತ್ತದೆ. ಇಲ್ಲಿಯೂ ತೊಡಕುಂಟು. ಬೆಳೆಯುತ್ತಿರುವ ಸರಪಳಿಯ ತುದಿಗೂ ಅದರ ಬಳಿಗೆ ಬರಬೇಕಾದ ಮಾನೊಮರಿಗೂ ಒಂದೇ ಬಗೆಯ ವಿದ್ಯುದಂಶ. ಒಂದು ಇನ್ನೊಂದನ್ನು ದೂಡುತ್ತದೆ. ಅಕ್ರಿಲಿಕ್ ಆಮ್ಲವನ್ನು ನೀರಿನಲ್ಲಿ ಪಾಲಿಮರೀಕರಿಸುವಾಗ ಕ್ಷಾರವನ್ನು ಸೇರಿಸುತ್ತ ಬಂದರೆ ಅದರ ಅಣುಗಳು ಋಣ ವಿದ್ಯುದಂಶವನ್ನು ತಳೆದಂತೆಲ್ಲ ಕ್ರಿಯೆಯ ವೇಗ ಇಳಿಯುತ್ತದೆ. ಕ್ಷಾರವನ್ನು ಇನ್ನೂ ಹೆಚ್ಚಿಸಿದರೆ ಎದುರು ಅಯಾನುಗಳು ದಟ್ಟವಾಗಿ ದೂಡಾಟವನ್ನು ಮರೆಮಾಡುವುದರಿಂದ ವೇಗ ಮತ್ತೆ ಏರುತ್ತದೆ. ಈ ಪರಸ್ಪರ ವಿರೋಧವನ್ನು ಮೀರಿ ಮಾನೊಮರುಗಳನ್ನು ಒಂದೆಡೆ ನೆರೆಯಿಸುವ ಉಪಾಯವೇನು? ಮ್ಯಾಕ್‌ಬೇನನ ಗೊಂಚಲೇ ಆ ಉಪಾಯ.

೪

ಮಾನೊಮರಿಗೆ ಒಂದು ಬಾಲವನ್ನು ಕೊಟ್ಟರೆ ಬಾಲಗಳ ಒತ್ತಾಯವು ತಲೆಗಳ ವಿರೋಧವನ್ನು ಗೆಲ್ಲುತ್ತದೆ. ಅಂಥ ಅಣುವಿಗೆ ಮೂರು ಅಂಗಗಳು: ವಿದ್ಯುದಂಶವುಳ್ಳ ತಲೆ, ಎಣ್ಣೆಯ ಸ್ವಭಾವದ ಬಾಲ, ಸರಪಳಿಯಲ್ಲಿ ಕೊಂಡಿಯಾಗಬಲ್ಲ ಒಂದು ದ್ವಿಬಂಧ. ಇದೇ ಮೇಲ್ಮೈಕ್ರಿಯಾಶೀಲ ಮಾನೊಮರ್. ದ್ವಿಬಂಧವು ಬಾಲದ ತುದಿಯಲ್ಲಿರಬಹುದು, ಇಲ್ಲವೆ ತಲೆಯ ಮಗ್ಗುಲಲ್ಲಿರಬಹುದು. ಮೊದಲ ಜಾತಿಯಲ್ಲಿ ಅದು ಗೊಂಚಲಿನ ಗರ್ಭದ ಕಡೆಗೂ, ಎರಡನೆಯದರಲ್ಲಿ ನೀರಿನ ಅಂಚಿಗೂ ನಿಲ್ಲುತ್ತದೆ. ಮೊದಲನೆಯದನ್ನು ಬೆಸೆದರೆ ಸರಪಳಿಯ ಬೆನ್ನೆಲುಬಿನಿಂದ ತಲೆಗಳು ದೂರ ಚಾಚಿರುತ್ತವೆ. ಎರಡನೆಯದನ್ನು ಬೆಸೆದರೆ ತಲೆಗಳು ಬೆನ್ನೆಲುಬಿಗೆ ಅಂಟಿಕೊಂಡಿದ್ದು ಬಾಲಗಳು ಚಾಚಿರುತ್ತವೆ.

ಮೊದಲ ಜಾತಿಗೆ ಸೊಗಸಾದ ಉದಾಹರಣೆ ನಮ್ಮ ಹೊಲಗಳಿಂದಲೇ ದೊರೆಯುತ್ತದೆ. ದಕ್ಷಿಣ ಕರ್ನಾಟಕದಲ್ಲಿ ಹರಳೆಂದೂ ಉತ್ತರದಲ್ಲಿ ಔಡಲವೆಂದೂ ಕರೆಯುವ ಗಿಡದ ಬೀಜವನ್ನು ಬೆಳೆಯುವುದರಲ್ಲಿ ಭಾರತವೇ ಜಗತ್ತಿಗೆ ಮೊದಲನೆಯದು. ಭಾರತದಲ್ಲಿ ಗುಜರಾತು ಮೊದಲನೆಯದು. ಹರಳೆಣ್ಣೆಯ ಕೊಬ್ಬಿನಾಮ್ಲಗಳಲ್ಲಿ ಬಹುಪಾಲು ರಿಸಿನೋಲಿಯಿಕ್ ಆಮ್ಲ. ಅದರ ಸರಪಳಿಯಲ್ಲಿ ೧೮ ಇಂಗಾಲಗಳು. ಇದರ ಎಸ್ಟರನ್ನು ಬಹಳ ಹೆಚ್ಚಿನ ಉಷ್ಣತೆಗೆ ಕಾಯಿಸಿದರೆ ಸರಪಳಿಯು ಒಂದು ಗೊತ್ತಾದ ಸ್ಥಾನದಲ್ಲಿಯೇ ಮುರಿದು, ೭ ಇಂಗಾಲಗಳ ಹೆಪ್ಟನಾಲ್ ಒಂದು ಕಡೆಗೂ ೧೧ ಇಂಗಾಲಗಳ ಅಂಡೆಸಿಲೆನಿಕ್ ಆಮ್ಲದ ಎಸ್ಟರು ಇನ್ನೊಂದು ಕಡೆಗೂ ಒಡೆಯುತ್ತವೆ. ಹೆಪ್ಟನಾಲು ಸುಗಂಧದ್ರವ್ಯಗಳ ತಯಾರಿಕೆಗೆ ಸಲ್ಲುತ್ತದೆ. ಅಂಡೆಸಿಲೆನಿಕ್ ಆಮ್ಲದ ಬಾಲದ ಕಟ್ಟಕಡೆಯಲ್ಲಿ ಒಂದು ದ್ವಿಬಂಧವಿದೆ. ಈ ಆಮ್ಲವನ್ನು ಸೋಡಿಯಂ ಲವಣವಾಗಿ ಮಾರ್ಪಡಿಸಿದರೆ ಅದೊಂದು ಸಾಬೂನೂ ಹೌದು, ಮಾನೊಮರೂ ಹೌದು. ಆದರೆ ಈ ಬಗೆಯ ದ್ವಿಬಂಧ ಮಂದಗತಿಯದು. ಗೊಂಚಲಿನ ಸ್ಥಿತಿಯಲ್ಲಿ ಗಾಮಾ ಕಿರಣಗಳನ್ನು ಹಾಯಿಸಿದರೂ ದೊರೆಯುವುದು ಗಿಡ್ಡ ಸರಪಳಿಗಳು.

ಎರಡನೆಯ ಜಾತಿಯಲ್ಲಿ ಮೆಥಾಕ್ರಿಲಿಕ್ ಆಮ್ಲದ ಭಾಗವೊಂದು ಸಾರಜನಕವುಳ್ಳ ಧನ ವಿದ್ಯುದಂಶದ ತಲೆಗೆ ಸೇರಿದ್ದು, ಆ ತಲೆಯಿಂದಲೇ ಹನ್ನೆರಡು ಇಂಗಾಲಗಳ ಬಾಲ ಹೊರಟಿರುತ್ತದೆ. ಮೆಥಾಕ್ರಿಲಿಕ್ ದ್ವಿಬಂಧ ಚುರುಕಾದುದು. ಇಲ್ಲಿ ಸಾವಿರಾರು ಘಟಕಗಳ ದೀರ್ಘ ಸರಪಳಿಗಳು ದೊರೆಯುತ್ತವೆ.

೫

ಈಗ ಬೆಸುಗೆಯ ಕಾಲಕ್ಕೆ ನಡೆಯುವುದನ್ನು ನೋಡಬಹುದು. ಮಾನೊಮರಿನ ಸಾಂದ್ರತೆ ಸಂಧಿಸಾಂದ್ರತೆಗಿಂತ ಕಡಿಮೆಯಿದ್ದಾಗ ಕ್ರಿಯೆ ಬಹು ನಿಧಾನ. ಅದನ್ನು ಮೀರಿದ ಮೇಲೆ ವೇಗ ಹೆಚ್ಚುತ್ತದೆ. ಕಾರಣವನ್ನು ಸುಲಭವಾದ ಲೆಕ್ಕದಿಂದ ಕಾಣಬಹುದು. ಹಿಂದೆ ಹೇಳಿದ ಸೋಡಿಯಂ ಡೋಡೆಸಿಲ್ ಸಲ್ಫೇಟಿನ ಗೊಂಚಲನ್ನೇ ಅಳತೆಗೋಲಾಗಿ ಇಟ್ಟುಕೊಂಡರೆ, ಎರಡು ನ್ಯಾನೋಮೀಟರ್ ತ್ರಿಜ್ಯದ ಗೋಳದಲ್ಲಿ ೬೦ ಅಣುಗಳು ಅಡಕವಾಗಿವೆ. ಆ ದಟ್ಟಣೆಯಲ್ಲಿಯೇ ಒಂದು ಲೀಟರನ್ನು ತುಂಬಿದರೆ ಸುಮಾರು ೮೫೦ ಗ್ರಾಂ ಆಗುತ್ತದೆ. ಹೊರಗಿನ ನೀರಿನಲ್ಲಿ ಬಿಡಿಯಾಗಿರುವುದಾದರೋ ಲೀಟರಿಗೆ ೨.೩ ಗ್ರಾಂ ಮಾತ್ರ. ಹೊರಗಿಗಿಂತ ಒಳಗೆ ಮುನ್ನೂರು ಪಟ್ಟಿಗೂ ಮಿಗಿಲಾದ ದಟ್ಟಣೆ! ಬೆಳೆಯುವ ತುದಿಗೆ ಮುಂದಿನ ಮಾನೊಮರನ್ನು ಹುಡುಕಿಕೊಂಡು ಹೋಗಬೇಕಾದ ಶ್ರಮವೇ ಇಲ್ಲ.

ಈ ನೆರವಿಯನ್ನು ನೋಡಿ ಒಂದು ಮನೋಹರವಾದ ಕಲ್ಪನೆ ಹುಟ್ಟಿತು. ಅಣುಗಳು ಮೊದಲೇ ಗೋಳಾಕಾರವಾಗಿ ಒಪ್ಪವಾಗಿ ನಿಂತಿವೆ. ನಿಂತಲ್ಲಿಯೇ ಅವುಗಳ ಕೈಕೈಗಳನ್ನು ಬೆಸೆದುಬಿಟ್ಟರೆ ಗೊಂಚಲು ಶಾಶ್ವತವಾಗುತ್ತದೆ. ಎರಕದ ಅಚ್ಚಿನಿಂದ ವಿಗ್ರಹ ಬರುವಂತೆ ಒಂದು ಮಿಸೆಲ್ಲಿನಿಂದ ಒಂದು ಪಾಲಿಮರ್, ಅಷ್ಟೇ ಗಾತ್ರ, ಅದೇ ಆಕಾರ. ಪಾಲಿಮರೀಕೃತ ಮಿಸೆಲ್ ಎಂಬ ಹೆಸರು ಈ ಕಲ್ಪನೆಯಿಂದಲೇ ಬಂದುದು. ವಿವರಣೆಗೆ ಸುಲಭವಾದುದರಿಂದ ಅದು ಬಹುಬೇಗ ಹರಡಿತು.

ಆದರೆ ಅಚ್ಚು ಗಟ್ಟಿಯಾಗಿದ್ದರೆ ತಾನೆ ವಿಗ್ರಹದ ಮಾತು? ಸಾಬೂನಿನ ಗೊಂಚಲು ಕಲ್ಲಿನ ಗುಂಡಲ್ಲ. ಅದು ಸಂತೆಯ ಗುಂಪಿನಂಥದು. ಗುಂಪು ನಿಂತಂತೆಯೇ ಕಾಣುತ್ತದೆ, ಗುಂಪಿನಲ್ಲಿರುವವರು ಕ್ಷಣಕ್ಷಣಕ್ಕೂ ಬೇರೆ. ಒಂದು ಅಣು ಗೊಂಚಲಿನಲ್ಲಿ ತಂಗುವುದು ಸೆಕೆಂಡಿನ ಲಕ್ಷದಲ್ಲೊಂದು ಭಾಗದಷ್ಟು ಕಾಲ ಮಾತ್ರ. ಆಮೇಲೆ ಅದು ನೀರಿಗೆ ಜಾರುತ್ತದೆ, ಇನ್ನೊಂದು ಅದರ ಸ್ಥಾನಕ್ಕೆ ಬರುತ್ತದೆ. ಸರಪಳಿಯು ಮೆಥಾಕ್ರಿಲಿಕ್ ಜಾತಿಯ ಒಂದು ಘಟಕವನ್ನು ಸೇರಿಸಿಕೊಳ್ಳಲು ಹಿಡಿಯುವ ಕಾಲ ಸೆಕೆಂಡಿನ ಸಾವಿರದಲ್ಲೊಂದು ಭಾಗದ ಸುಮಾರಿನದು. ಎಂದರೆ ಸರಪಳಿ ಒಂದು ಹೆಜ್ಜೆ ಇಡುವಷ್ಟರಲ್ಲಿ ಗೊಂಚಲಿನ ಸ್ಥಾನವೊಂದರಲ್ಲಿ ಹತ್ತಾರು ಅಣುಗಳು ಬಂದುಹೋಗಿರುತ್ತವೆ. ಇಷ್ಟು ಮಂದವಾದ ಕೈ ಇಷ್ಟು ಚಂಚಲವಾದ ಕೂಟವನ್ನು ಹಿಡಿದು ನಿಲ್ಲಿಸುವುದು ಸಾಧ್ಯವಿಲ್ಲ. ಪಾಲಿಮರೀಕೃತ ಮಿಸೆಲ್ ಎಂಬ ಮಾತು ನಿಜವೋ ಬರಿಯ ಕಲ್ಪನೆಯೋ ಎಂದು ೧೯೮೬ರಲ್ಲಿ ಹಮೀದ್ ಮತ್ತು ಷೆರಿಂಗ್ಟನ್ ಎಂಬ ರಸಾಯನಜ್ಞರು ಪ್ರಶ್ನಿಸಿದುದು ಇಂಥ ವಿಚಾರಗಳಿಂದಲೇ.

ಸರಪಳಿಯ ಉದ್ದವೂ ಇದನ್ನೇ ಹೇಳುತ್ತದೆ. ಅಚ್ಚಿನ ಕಲ್ಪನೆ ನಿಜವಾಗಿದ್ದರೆ ಗೊಂಚಲಿನಲ್ಲಿ ಎಷ್ಟು ಅಣುಗಳೋ ಸರಪಳಿಯಲ್ಲಿಯೂ ಅಷ್ಟೇ ಘಟಕಗಳಿರಬೇಕಾಗಿತ್ತು. ನೂರಕ್ಕೂ ಕಡಿಮೆ ಅಣುಗಳ ಗೊಂಚಲುಗಳಿಂದ ಸಾವಿರಾರು ಘಟಕಗಳ ಸರಪಳಿ ಬರುವುದೂ, ಅಂಡೆಸಿಲೆನೇಟಿನಂಥ ಮಂದ ಮಾನೊಮರಿನಿಂದ ಅದಕ್ಕಿಂತ ಎಷ್ಟೋ ಗಿಡ್ಡವಾದ ಸರಪಳಿ ಬರುವುದೂ ಆ ಕಲ್ಪನೆಗೆ ಹೊಂದುವುದಿಲ್ಲ. ಸರಪಳಿಯ ಉದ್ದವನ್ನು ನಿರ್ಧರಿಸುವುದು ದ್ವಿಬಂಧದ ಚುರುಕೇ ಹೊರತು ಗೊಂಚಲಿನ ಎಣಿಕೆಯಲ್ಲ. ಒಂದು ಗೊಂಚಲಿನಲ್ಲಿ ಹುಟ್ಟಿದ ಸರಪಳಿಯು ಇತರ ಗೊಂಚಲುಗಳಿಂದ ಬಿಟ್ಟುಬಂದ ಅಣುಗಳನ್ನೂ ಸೆಳೆದುಕೊಂಡು ಬೆಳೆಯುತ್ತದೆ. ಬೆಳೆದ ಮೇಲೆ ಅದು ತಳೆಯುವ ಆಕಾರ ಅದರ ಸ್ವಂತದ್ದು. ಆದುದರಿಂದ ಕೂಟವು ಸರಪಳಿಗೆ ಮಾಡುವ ಉಪಕಾರ ಬಲು ದೊಡ್ಡದಾದರೂ ಅದು ನೆರೆಯಿಸಿಕೊಡುವ ಉಪಕಾರ. ರೂಪವನ್ನು ಕೊಡುವ ಉಪಕಾರವಲ್ಲ.

೬

ರೂಪ ಉಳಿಯದಿದ್ದರೂ ಗುಣ ಉಳಿಯುತ್ತದೆ. ಸಾಮಾನ್ಯ ಸಾಬೂನಿನ ದ್ರಾವಣಕ್ಕೆ ನೀರು ಸುರಿಯುತ್ತ ಹೋದರೆ ಸಂಧಿಸಾಂದ್ರತೆಗಿಂತ ಕೆಳಗೆ ಗೊಂಚಲುಗಳೆಲ್ಲ ಕರಗಿಹೋಗುತ್ತವೆ. ಬಹುಸಾಬೂನಿನಲ್ಲಿ ಬಾಲಗಳು ಒಂದೇ ಸರಪಳಿಗೆ ಕಟ್ಟುಬಿದ್ದಿರುವುದರಿಂದ ಎಷ್ಟು ನೀರು ಬೆರೆಸಿದರೂ ಅವು ಅಗಲಲಾರವು. ಒಂದೊಂದು ಸರಪಳಿಯೂ ತನ್ನ ಗೊಂಚಲನ್ನು ತನ್ನೊಡನೆಯೇ ಒಯ್ಯುತ್ತದೆ. ಅದಕ್ಕೆ ಸಂಧಿಸಾಂದ್ರತೆಯೆಂಬುದೇ ಇಲ್ಲ. ಈ ಲಾಭಕ್ಕೆ ಒಂದು ಬೆಲೆಯೂ ಉಂಟು. ಸ್ವತಂತ್ರವಾದ ಅಣುವಿನಂತೆ ಬಾಲಗಳು ಮೇಲ್ಮೈಗೆ ಬಂದು ಸಾಲುಗಟ್ಟುವುದು ಈಗ ಸುಲಭವಲ್ಲ. ಆದುದರಿಂದ ಬಹುಸಾಬೂನುಗಳಲ್ಲಿ ಅನೇಕವು ನೀರಿನ ಮೇಲ್ಮೈ ಎಳೆತವನ್ನು ತಮ್ಮ ಮಾನೊಮರುಗಳಷ್ಟು ತಗ್ಗಿಸಲಾರವು. ಒಳಗೆ ಸಾಬೂನು, ಹೊರಗೆ ಅಷ್ಟಾಗಿ ಅಲ್ಲ!

ಇದರ ಪ್ರಯೋಜನಗಳಲ್ಲಿ ಮೂರನ್ನು ಹೇಳಬಹುದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕವು ಕೃತಕ ರಬ್ಬರನ್ನು ತಯಾರಿಸಿದುದು ಸಾಬೂನಿನ ನೀರಿನಲ್ಲಿ. ಬ್ಯೂಟಡೈಈನ್ ೭೫ ಪಾಲು, ಸ್ಟೈರೀನ್ ೨೫ ಪಾಲು, ನೀರು ೧೮೦ ಪಾಲು, ಸಾಬೂನು ೫ ಪಾಲು ಎಂಬುದು ಅಂದಿನ ಸೂತ್ರ. ಅಲ್ಲಿ ಗೊಂಚಲು ರಬ್ಬರಿನ ಕಣ ಹುಟ್ಟುವ ಮನೆ. ಸಾಬೂನು ಸರಪಳಿಯಲ್ಲಿ ಸೇರುವುದಿಲ್ಲ. ಇಂದಿನ ನೀರಿನ ಬಣ್ಣಗಳಿಗೆ ಬೇಕಾದ ಪಾಲಿಮರುಗಳೂ ಇದೇ ಕ್ರಮದಿಂದ ತಯಾರಾಗುತ್ತವೆ. ಗೋಡೆಯ ಮೇಲೆ ಬಣ್ಣ ಒಣಗಿದ ಮೇಲೂ ಬಿಡಿ ಸಾಬೂನು ಉಳಿದು, ಮೆಲ್ಲನೆ ಮೇಲಕ್ಕೆ ಸರಿದು, ತೇವ ತಗಲಿದಾಗ ಪದರವನ್ನು ಕೆಡಿಸುತ್ತದೆ. ಸಾಬೂನಿನ ಬದಲು ಮೇಲ್ಮೈಕ್ರಿಯಾಶೀಲ ಮಾನೊಮರನ್ನು ಬಳಸಿದರೆ ಅದು ಸರಪಳಿಗೇ ಬೆಸೆದುಕೊಂಡು ಸ್ಥಾನವನ್ನು ಬಿಟ್ಟು ಕದಲುವುದಿಲ್ಲ.

ಎರಡನೆಯದು ಪೃಥಕ್ಕರಣ. ಕೆಲವು ಅಣುಗಳು ಎಡಗೈ ಬಲಗೈಗಳಂತೆ ಒಂದರ ಪ್ರತಿಬಿಂಬ ಇನ್ನೊಂದಾಗಿ ಜೋಡಿಯಾಗಿರುತ್ತವೆ. ಔಷಧಿಗಳಲ್ಲಿ ಈ ಭೇದ ಬಹುಮುಖ್ಯ. ಅಂಡೆಸಿಲೆನಿಕ್ ಆಮ್ಲಕ್ಕೆ ವ್ಯಾಲೀನ್ ಎಂಬ ಅಮೈನೊ ಆಮ್ಲವನ್ನು ಕೂಡಿಸಿ, ಅದನ್ನು ಗೊಂಚಲಿನ ಸ್ಥಿತಿಯಲ್ಲಿ ಬೆಸೆದು, ಆ ಬಹುಸಾಬೂನಿನ ಸಹಾಯದಿಂದ ಇಂಥ ಜೋಡಿಗಳನ್ನು ಬೇರ್ಪಡಿಸಬಹುದೆಂದು ೧೯೯೪ರಲ್ಲಿ ಅಮೆರಿಕದ ಲೂಯಿಸಿಯಾನದಲ್ಲಿ ವಾಂಗ್ ಮತ್ತು ವಾರ್ನರ್ ತೋರಿಸಿದರು. ಹರಳೆಣ್ಣೆಯ ಅಂಶವೊಂದು ಇಷ್ಟು ಸೂಕ್ಷ್ಮವಾದ ಕೆಲಸಕ್ಕೆ ಸಲ್ಲುವುದು ಗಮನಾರ್ಹವಾದ ಸಂಗತಿ.

ಮೂರನೆಯದು ದಂತವೈದ್ಯ. ಧನ ವಿದ್ಯುದಂಶವೂ ನೀಳ ಬಾಲವೂ ಉಳ್ಳ ಅಣುಗಳು ರೋಗಾಣುಗಳ ಹೊರಪೊರೆಯನ್ನು ಭೇದಿಸುತ್ತವೆ. ಹನ್ನೆರಡು ಇಂಗಾಲಗಳ ಬಾಲದ ತುದಿಯಲ್ಲಿ ಮೆಥಾಕ್ರಿಲಿಕ್ ಕೊಂಡಿ, ಇನ್ನೊಂದು ತುದಿಯಲ್ಲಿ ಪಿರಿಡೀನಿನ ತಲೆ ಇರುವ ಮಾನೊಮರೊಂದನ್ನು ಹಲ್ಲಿಗೆ ತುಂಬುವ ದ್ರವ್ಯಗಳಲ್ಲಿ ಸೇರಿಸುವ ಕ್ರಮವನ್ನು ಜಪಾನಿನ ಸಂಶೋಧಕರು ೧೯೯೦ರ ದಶಕದಲ್ಲಿ ರೂಪಿಸಿದರು. ಬಿಡಿ ಔಷಧಿಯಾಗಿದ್ದರೆ ಅದು ಜೊಲ್ಲಿನಲ್ಲಿ ತೊಳೆದುಹೋಗುತ್ತಿತ್ತು; ಬೆಸೆದುಕೊಂಡುದರಿಂದ ಅಲ್ಲಿಯೇ ಉಳಿಯುತ್ತದೆ.

ತೊಳೆದುಹೋಗದಿರುವುದೇ ಇನ್ನೊಂದು ಕಡೆಯಿಂದ ನೋಡಿದರೆ ಚಿಂತೆಗೂ ಕಾರಣ. ನೇರವಾದ ಬಾಲವುಳ್ಳ ಸಾಮಾನ್ಯ ಸಾಬೂನನ್ನು ನೀರಿನ ಸೂಕ್ಷ್ಮಜೀವಿಗಳು ಬೇಗ ಅರಗಿಸಿಕೊಳ್ಳುತ್ತವೆ. ಇಂಗಾಲದ ಬಿಗಿಯಾದ ಬೆನ್ನೆಲುಬಿನ ದೀರ್ಘ ಸರಪಳಿಯನ್ನು ಅವು ಸುಲಭವಾಗಿ ಅರಗಿಸಲಾರವು. ಧನ ವಿದ್ಯುದಂಶದ ಪಾಲಿಮರುಗಳು ಮೀನುಗಳಿಗೆ ಕೇಡನ್ನೂ ಮಾಡಬಲ್ಲವು. ಸರಪಳಿಯ ಗಟ್ಟಿತನವನ್ನು ಬಯಸಿ ಅದನ್ನು ಕಟ್ಟಿದವರಿಗೆ, ಬಳಕೆ ಮುಗಿದ ಮೇಲೆ ಅದನ್ನು ಬಿಚ್ಚುವ ಉಪಾಯವನ್ನು ಕಾಣುವ ಹೊಣೆಯೂ ಸೇರಿದೆ. ಬಾಲಕ್ಕೂ ತಲೆಗೂ ನಡುವೆ, ಅಥವಾ ಬೆನ್ನೆಲುಬಿನಲ್ಲಿಯೇ, ನೀರಿನಿಂದ ಕಾಲಕ್ರಮದಲ್ಲಿ ಸೀಳಬಲ್ಲ ಕೊಂಡಿಗಳನ್ನು ಇರಿಸುವ ಪ್ರಯತ್ನ ಈ ದಿಕ್ಕಿನದು.

ಷ್ಟೌಡಿಂಗರನ ಕಾಲದಲ್ಲಿ ಕೂಟವೋ ಸರಪಳಿಯೋ ಎಂದು ಒಂದನ್ನು ಆರಿಸಿಕೊಳ್ಳಬೇಕಾಗಿತ್ತು. ಮೇಲ್ಮೈಕ್ರಿಯಾಶೀಲ ಮಾನೊಮರುಗಳು ಅವೆರಡಕ್ಕೂ ಸಲ್ಲುವ ಕೆಲಸವನ್ನು ಹಂಚಿಕೊಟ್ಟಿವೆ. ವಿದ್ಯುದಂಶದ ವಿರೋಧವನ್ನು ಗೆದ್ದು ಅಣುಗಳನ್ನು ಹತ್ತಿರ ತರುವುದು ಕೂಟದ ಕೆಲಸ. ಹತ್ತಿರ ಬಂದುವನ್ನು ಬಿಡದೆ ಹಿಡಿಯುವುದು ಸರಪಳಿಯ ಕೆಲಸ. ಗೊಂಚಲನ್ನು ಅದು ಇದ್ದಂತೆಯೇ ಹೆಪ್ಪುಗಟ್ಟಿಸಬಹುದೆಂಬ ಆಸೆಯನ್ನು ಬಿಟ್ಟ ಮೇಲೆಯೇ ಈ ಎರಡು ಕೆಲಸಗಳ ನಡುವಣ ಸಂಬಂಧ ಸ್ಪಷ್ಟವಾಯಿತೆಂಬುದನ್ನು ಈ ವಿಷಯವನ್ನು ಅಭ್ಯಸಿಸುವವರು ನೆನಪಿನಲ್ಲಿಡಬೇಕು.